ಇಳಿಯೋ ಗೇಟು, ಮುಚ್ಚೋ ಗೇಟು

ತುಮಕೂರಿನಿಂದ ಕುಣಿಗಲ್ ಕಡೆಗೆ ಬಸ್ಸು ಹತ್ತಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಈ ಸೀಮೆಯಲ್ಲಿ ರಸ್ತೆಯ ಮೇಲೆ ಊರುಗಳಿಗಿಂತ ಗೇಟುಗಳೇ ಹೆಚ್ಚು. ಊರು ಒಳಗೆಲ್ಲೋ ತೆಂಗಿನ ತೋಟದ ಹಿಂದೆ ತಲೆಮರೆಸಿಕೊಂಡಿರುತ್ತದೆ. ಅದರ ಹೆಸರು ಮಾತ್ರ ಟಾರು ರಸ್ತೆಯ ತನಕ ನಡೆದು ಬಂದು, ಒಂದು ಮರವನ್ನೂ ಒಂದು ಟೀ ಅಂಗಡಿಯನ್ನೂ ಜೊತೆ ಮಾಡಿಕೊಂಡು ‘ಗೇಟ್’ ಎಂದು ನಿಂತುಬಿಡುತ್ತದೆ. ಗೇಟೆಲ್ಲಿ ಎಂದು ಹುಡುಕಲು ಹೋಗಬೇಡಿ, ಕಂಬವೂ ಇಲ್ಲ, ಕೀಲೂ ಇಲ್ಲ. ಕಂಡಕ್ಟರು ‘ಯಾರ್ರೀ ಪಾಳ್ಯದ್ ಗೇಟ್?’ ಎಂದು ಕೂಗುತ್ತಾನೆ, ನಾಲ್ಕು ಜನ ಇಳಿಯುತ್ತಾರೆ. ಗೇಟೆಂದರೆ ಅಷ್ಟೇ.

ವನಜಾಕ್ಷಿ ಹುಟ್ಟಿದ್ದು ಹೊಂಗೇನಹಳ್ಳಿ ಗೇಟಿನಲ್ಲಿ, ಮದುವೆಯಾಗಿ ಬಂದದ್ದು ಅದೇ ರಸ್ತೆಯ ಪಾಳ್ಯದ ಗೇಟಿಗೆ. ಎರಡಕ್ಕೂ ಒಂದೇ ವ್ಯತ್ಯಾಸ. ತವರುಮನೆ ಗೇಟಿಗೆ ಎಷ್ಟು ಹತ್ತಿರವೆಂದರೆ, ಬಸ್ಸಿನ ಹಾರ್ನ್ ಕೇಳಿಸಿದ ಮೇಲೆ ಜಡೆ ಹೆಣೆದುಕೊಂಡರೂ ಬಸ್ಸು ಸಿಗುತ್ತಿತ್ತು. ಗಂಡನ ಊರಾದ ಕೆಂಚನಪಾಳ್ಯಕ್ಕೆ ಹಾರ್ನೂ ಕೇಳಿಸದು, ಬಸ್ಸೂ ಕಾಣಿಸದು. ಗೇಟಿನಲ್ಲಿ ಇಳಿದವರು ರಾಗಿ ಹೊಲಗಳ ನಡುವೆ ಮೂರು ಕಿಲೋಮೀಟರ್ ಸವೆಸಿದರೆ ಮೊದಲ ಮನೆ. ಗಂಡ ಕಾಂತೇಶ್ ಕುಣಿಗಲ್‌ನ ಹಾಲಿನ ಡೈರಿಗೆ ಹೋಗುವವನು, ದಿನಾ ಬೆಳಗ್ಗೆ ಅವಳನ್ನು ಬೈಕಿನಲ್ಲಿ ಗೇಟಿಗೆ ಬಿಟ್ಟು ಹೋಗುತ್ತಿದ್ದ. ಅವಳು ಅಲ್ಲಿಂದ ತುಮಕೂರಿನ ಬಸ್ಸು ಹಿಡಿಯುತ್ತಿದ್ದಳು.

ತುಮಕೂರಿನಲ್ಲಿ ಅವಳು ಮಾಡುತ್ತಿದ್ದ ಕೆಲಸವೇನೆಂದು ಅತ್ತೆ ಸಿದ್ದಗಂಗಮ್ಮನಿಗೆ ಆರು ವರ್ಷವಾದರೂ ತಿಳಿದಿರಲಿಲ್ಲ. ತಿಳಿಯದ ವಿಷಯವನ್ನು ಊರಿಗೆಲ್ಲ ತಿಳಿಸುವುದರಲ್ಲಿ ಮಾತ್ರ ಆಕೆ ಹಿಂದೆ ಬಿದ್ದಿರಲಿಲ್ಲ.

“ದಿನವೆಲ್ಲಾ ಕಂಪ್ಯೂಟ್ರಲ್ಲಿ ಚುಕ್ಕಿ ಇಡ್ತಾಳಂತೆ, ಗೆರೆ ಎಳೀತಾಳಂತೆ. ರಂಗೋಲಿ ಹಾಕಕ್ಕೆ ತುಮಕೂರ್‌ಗಂಟ ಹೋಗ್ಬೇಕಾ? ನಮ್ಮನೆ ಬಾಗ್ಲು ಬೋಳಾಗೈತೆ!”

ವನಜಾಕ್ಷಿ ಒಮ್ಮೆ ವಿವರಿಸಲು ಹೋಗಿದ್ದಳು. ರಸ್ತೆ ಒಂದು ಪದರ, ಊರು ಒಂದು ಪದರ, ಜನ ಒಂದು ಪದರ, ಬಸ್ಸು ನಿಲ್ಲುವ ಜಾಗ ಒಂದು ಪದರ. ಎಲ್ಲವನ್ನೂ ಚಿರೋಟಿಯ ಹಾಗೆ ಒಂದರ ಮೇಲೊಂದು ಕೂರಿಸಿದರೆ, ಬಸ್ಸು ಯಾವ ದಾರಿಯಲ್ಲಿ ಹೋದರೆ ಹೆಚ್ಚು ಜನಕ್ಕೆ ಅನುಕೂಲ ಎಂದು ಕಂಪ್ಯೂಟರೇ ಹೇಳುತ್ತದೆ, ಅದಕ್ಕೆ ಜಿಐಎಸ್ ಅಂತಾರೆ ಅತ್ತೆ, ಎಂದಿದ್ದಳು. ಸಿದ್ದಗಂಗಮ್ಮ ಪೂರ್ತಿ ಕೇಳಿಸಿಕೊಂಡು, “ಚಿರೋಟಿ ಮಾಡಕ್ ಬತ್ತದಾ ನಿಂಗೆ?” ಎಂದು ಕೇಳಿದ್ದಳು. ಬರುತ್ತಿರಲಿಲ್ಲ. ಅಲ್ಲಿಗೆ ಮಾತು ಮುಗಿದಿತ್ತು.

ಸಿದ್ದಗಂಗಮ್ಮನ ಬಾಯಿ ಊರಿಗೇ ಹೆಸರುವಾಸಿ. ಗೇಟಿಗೆ ಹೊರಟಳೆಂದರೆ ಒಂದು ಬೆಳಗು ಪೂರ್ತಿ ದಾರಿಯಲ್ಲೇ ಕಳೆಯುತ್ತಿತ್ತು. ಪ್ರತಿ ಜಗಲಿಯ ಮುಂದೂ ನಿಂತು, ಒಳಗಿದ್ದವರನ್ನು ಹೆಸರು ಹಿಡಿದು ಕರೆದು, ಎಮ್ಮೆ ಕರು ಹಾಕಿದ್ದರಿಂದ ಹಿಡಿದು ಸೊಸೆ ಮುನಿಸಿಕೊಂಡದ್ದರ ತನಕ ವಿಚಾರಿಸಿಯೇ ಮುಂದಿನ ಹೆಜ್ಜೆ. ಕಾಂತೇಶ್ ಬೈಕಿನಲ್ಲಿ ಬಿಡುತ್ತೇನೆಂದರೆ, “ನಿನ್ ಬೈಕಲ್ಲಿ ಕೂತ್ರೆ ನಾನ್ ಯಾರ್ ತಾವ್ಲಾ ಮಾತಾಡ್ಲಿ?” ಎಂದು ಗದರುತ್ತಿದ್ದಳು. ‘ಅಮ್ಮನ ಕಾಲಿಗಿಂತ ನಾಲಿಗೇನೇ ಜಾಸ್ತಿ ನಡೆಯುತ್ತೆ’ ಎಂದು ಅವನು ನಗುತ್ತಿದ್ದ.

ವನಜಾಕ್ಷಿಯ ಕಚೇರಿಯ ಹೆಸರು ‘ಪಥದರ್ಶಿ’. ಬೇಕರಿಯೊಂದರ ಮೇಲಿನ ಮಹಡಿ. ಯಜಮಾನರು ಸದಾಶಿವಯ್ಯನವರು, ಬಣ್ಣದ ಮ್ಯಾಪು ಕಂಡರೆ ಮಗುವಿನಂತೆ ಸಂತೋಷಪಡುವ ಮನುಷ್ಯ. ಜಿಲ್ಲೆಯ ಬಸ್ಸು ದಾರಿಗಳನ್ನು ಹೊಸದಾಗಿ ಯೋಜಿಸುವ ಕೆಲಸ ಅವರಿಗೆ ಸಿಕ್ಕಿತ್ತು. ಕುಣಿಗಲ್ ರಸ್ತೆ ವನಜಾಕ್ಷಿಯ ಪಾಲಿಗೆ ಬಂತು, ಗುಬ್ಬಿ ರಸ್ತೆ ಪಕ್ಕದ ಮೇಜಿನ ಚನ್ನೇಶನ ಪಾಲಿಗೆ. ಚನ್ನೇಶ್ ಕಡಬದ ಕಡೆಯವನು. ಗುಬ್ಬಿಯ ಕಾಲೇಜಿಗೆ ಹೋಗುವಾಗ ದಾರಿಯಲ್ಲೊಂದು ರೈಲ್ವೆ ಗೇಟು ಇತ್ತೆಂದೂ, ತನ್ನ ಡಿಗ್ರಿ ಅರ್ಧ ಆ ಗೇಟಿನ ಮುಂದೆಯೇ ಮುಗಿಯಿತೆಂದೂ ದಿನಕ್ಕೊಮ್ಮೆ ಹೇಳದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ವನಜಾಕ್ಷಿ ರಸ್ತೆಯುದ್ದಕ್ಕೂ ಹೋಗಿ ಬಂದು ಚುಕ್ಕಿಗಳನ್ನಿಟ್ಟಳು. ಪ್ರತಿ ಚುಕ್ಕಿಗೂ ಅದು ಏನೆಂದು ಕಂಪ್ಯೂಟರ್ ಕೇಳುತ್ತಿತ್ತು. ನಿಲ್ದಾಣವೋ, ಸೇತುವೆಯೋ, ಸರ್ಕಲ್ಲೋ, ಗೇಟೋ? ಹೊಂಗೇನಹಳ್ಳಿ ಗೇಟಿಗೆ ಬಂದಾಗ ಅವಳು ಅರೆಕ್ಷಣವೂ ಯೋಚಿಸಲಿಲ್ಲ. ನಿಲ್ದಾಣವೆಂದರೆ ತುಮಕೂರಿನ ಬಸ್ ಸ್ಟ್ಯಾಂಡು, ಸೂರು ಇರುತ್ತದೆ, ಬೆಂಚು ಇರುತ್ತದೆ. ಇದು ಗೇಟು. ಹುಟ್ಟಿದಾಗಿನಿಂದ ಗೇಟು. ಅವಳು ‘ಗೇಟ್’ ಒತ್ತಿದಳು. ಪಾಳ್ಯದ ಗೇಟ್, ಅದೂ ಗೇಟ್. ಮುಂದಿನದೂ ಅದೇ. ಸಂಜೆಯೊಳಗೆ ಕುಣಿಗಲ್ ರಸ್ತೆಯ ತುಂಬ ಗೇಟುಗಳು ನಿಂತವು.

ಕಂಪ್ಯೂಟರ್ ಎಲ್ಲವನ್ನೂ ನುಂಗಿ, ನೀರು ಕುಡಿದು, ಹೊಸ ದಾರಿಯೊಂದನ್ನು ಉಗುಳಿತು. ಬಸ್ಸು ಗೂಳೂರು ದಾಟಿ ಸ್ವಲ್ಪ ದೂರ ಹೋಗಿ, ಇದ್ದಕ್ಕಿದ್ದಂತೆ ಮುಖ್ಯರಸ್ತೆ ಬಿಟ್ಟು, ತೋಟಗಳ ನಡುವಿನ ದಾರಿ ಹಿಡಿದು, ನೆಟ್ಟಗೆ ಕೆಂಚನಪಾಳ್ಯದ ಮೇಲೆ ಹಾದು, ಆಮೇಲೆ ಮತ್ತೆ ಮುಖ್ಯರಸ್ತೆ ಸೇರುತ್ತಿತ್ತು. ವನಜಾಕ್ಷಿ ಕಣ್ಣುಜ್ಜಿಕೊಂಡು ನೋಡಿದಳು. ಗಂಡನ ಊರೇ! ಸದಾಶಿವಯ್ಯನವರು ಮ್ಯಾಪನ್ನು ದೂರ ಹಿಡಿದು, ಹತ್ತಿರ ಹಿಡಿದು, “ಆಹಾ, ಎಂಥಾ ಬಾಗು ನೋಡಮ್ಮ!” ಎಂದು ಆನಂದಪಟ್ಟರು. ಯಾಕೆ ಬಾಗಿತು ಎಂದು ಯಾರೂ ಕೇಳಲಿಲ್ಲ. ಕಂಪ್ಯೂಟರ್ ಹೇಳಿದ ಮೇಲೆ ಕೇಳುವುದೇನಿದೆ? ದೇವರು ಬಲಗಡೆ ಹೂ ಕೊಟ್ಟ ಮೇಲೆ ಯಾಕೆ ಕೊಟ್ಟೆ ಎನ್ನುತ್ತಾರೆಯೇ? ಬಸ್ಸಿನವರು ಒಂದು ತಿಂಗಳು ಹೊಸ ದಾರಿಯಲ್ಲಿ ಓಡಿಸಿ ನೋಡೋಣವೆಂದರು. ಜನರು ಏನನ್ನುತ್ತಾರೆಂದು ತಿಳಿಯಲು ಗೂಳೂರಿನಲ್ಲಿ ಒಂದು ಸಭೆ ಎಂದೂ ಗೊತ್ತಾಯಿತು.

ಕೆಂಚನಪಾಳ್ಯಕ್ಕೆ ಮೊದಲ ಬಸ್ಸು ಬಂದ ದಿನ ಸಿದ್ದಗಂಗಮ್ಮ ಮನೆಯ ಮುಂದೆ ನೀರು ಚಿಮುಕಿಸಿ, ತಾನೇ ರಂಗೋಲಿ ಹಾಕಿ, ಬಸ್ಸಿನ ಚಕ್ರಕ್ಕೆ ತೆಂಗಿನಕಾಯಿ ಒಡೆದಳು. ಡ್ರೈವರನ ಹಣೆಗೆ ಕುಂಕುಮ ಇಡಲು ಹೋಗಿ ಅವನ ಕನ್ನಡಕಕ್ಕೆ ಇಟ್ಟಳು. ಕಂಡಕ್ಟರನ ಕೈ ಹಿಡಿದು ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಕುಣಿಗಲ್‌ಗೆ ಹೋಗಿ, ಅಲ್ಲಿ ಇಳಿಯದೆ, ಅದೇ ಬಸ್ಸಿನಲ್ಲಿ ವಾಪಸ್ ಬಂದಳು. ಮಾರನೆಯ ದಿನವೂ ಹೋದಳು. ಏನು ಕೆಲಸವಿತ್ತು ಎಂದು ಕೇಳಿದವರಿಗೆ, “ಕೆಲ್ಸ ಇದ್ರೇ ಬಸ್ ಹತ್ಬೇಕಾ? ನಮ್ ಸೊಸೆ ತಂದಿರೋ ಬಸ್ಸು ಕಣ್ರೇ” ಎಂದಳು.

ಆವತ್ತು ಸಂಜೆ ವನಜಾಕ್ಷಿಯ ತಟ್ಟೆಗೆ ಮೊಸರಿನ ಕೆನೆ ಬಿತ್ತು. ಆರು ವರ್ಷಗಳಲ್ಲಿ ಆ ಕೆನೆ ಕಾಂತೇಶನ ತಟ್ಟೆಯ ದಾರಿ ತಪ್ಪಿದ್ದು ಅದೇ ಮೊದಲು. ಕಾಂತೇಶ್ ತನ್ನ ತಟ್ಟೆ ನೋಡಿದ, ಹೆಂಡತಿಯ ತಟ್ಟೆ ನೋಡಿದ, ಮುದ್ದೆ ಮುರಿದ. ಬೆಳಗಾದರೆ ಊರ ಹೆಂಗಸರು ‘ಇಂಜಿನಿಯರಮ್ಮ’ ಎನ್ನತೊಡಗಿದ್ದರು. ವನಜಾಕ್ಷಿಗೆ ಹೇಳಲಾಗದಷ್ಟು ಸಂತೋಷವಾಯಿತು. ಅವಳೇನು ಕಲ್ಲೇ? ಈ ಮನೆಯಲ್ಲಿ ಒಂದು ಒಳ್ಳೆಯ ಮಾತಿಗೆ ಅವಳು ಎಷ್ಟು ಕಾದಿದ್ದಳೆಂದು ಅವಳಿಗೇ ಗೊತ್ತು.

ಆ ಸಂತೋಷಕ್ಕೆ ವಾರ ತುಂಬುವ ಮೊದಲೇ ಹೊಂಗೇನಹಳ್ಳಿಯಿಂದ ಅವಳ ಅಪ್ಪ ದೊಡ್ಡರಂಗಯ್ಯನ ಫೋನು ಬಂತು. ದೊಡ್ಡರಂಗಯ್ಯ ಯಾವತ್ತೂ ಕೂಗಾಡುವವನಲ್ಲ. ಅವನು ತಣ್ಣಗೆ ಮಾತಾಡಿದರೇ ಭಯ.

“ಏನವ್ವಾ ಮಗಾ, ಚೆನ್ನಾಗಿದೀಯಾ? ನಿನ್ ಮದ್ವೇಲಿ ಕೇಳಿದ್ದೆಲ್ಲಾ ಕೊಟ್ವಿ. ಬೀರು ಕೊಟ್ವಿ, ಮಂಚ ಕೊಟ್ವಿ, ಬೀಗ್ರಿಗೆ ಪಂಚೆ ಸೀರೆ ಕೊಟ್ವಿ. ಏನಾರ ಉಳ್ಕೊಂಡಿತ್ತಾ?”

“ಯಾಕಪ್ಪಾ ಹಿಂಗಂತೀಯ?”

“ಅಲ್ಲಾ, ಬಸ್ಸೊಂದು ಉಳ್ದಿತ್ತು. ಅದ್ನೂ ತಗೊಂಡ್ ಹೋದ್ಯಲ್ಲಾ ಅಂತ ಕೇಳ್ದೆ.”

ಹೊಂಗೇನಹಳ್ಳಿ ಗೇಟಿನಲ್ಲಿ ಈಗ ಬಸ್ಸೇ ಹಾಯುವುದಿಲ್ಲವಂತೆ. ಶಾಲೆಯ ಮಕ್ಕಳು ಆಟೋ ಕಾಯುತ್ತಿದ್ದಾರಂತೆ, ಹೂವಿನ ಬುಟ್ಟಿಯವರು ತುಮಕೂರಿನ ಮಾರ್ಕೆಟ್ಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿಲ್ಲವಂತೆ. ‘ದೊಡ್ಡರಂಗಯ್ಯನ ಮಗಳು ತವರಿನ ಬಸ್ಸು ಕಿತ್ತು ಗಂಡನ ಮನೆ ಬಾಗಿಲಿಗೆ ಕಟ್ಟಿಕೊಂಡಳು’ ಎಂದು ಟೀ ಅಂಗಡಿಯಲ್ಲಿ ದೊಡ್ಡ ಪಂಚಾಯ್ತಿಯಂತೆ.

ಮರುದಿನ ವನಜಾಕ್ಷಿ ಕಚೇರಿಗೆ ಬಂದವಳೇ ಮ್ಯಾಪು ತೆರೆದು ಕೂತಳು. ಬಸ್ಸು ಯಾಕೆ ಬಾಗಿತೆಂದು ಮೊದಲ ಸಲ ಕೇಳಿದಳು. ಕಂಪ್ಯೂಟರ್ ಪಾಪ ಮುಚ್ಚುಮರೆಯಿಲ್ಲದೆ ಹೇಳಿತು: ಮುಖ್ಯರಸ್ತೆಯಲ್ಲಿ ತುಂಬಾ ಹೊತ್ತು ಕಾಯಬೇಕು, ಸುತ್ತು ದಾರಿಯೇ ವಾಸಿ.

“ಚನ್ನೇಶ್, ಗೂಳೂರಿಂದಾಚೆ ಬಸ್ಸು ಯಾಕ್ ಕಾಯ್ಬೇಕು?”

ಚನ್ನೇಶ್ ಇಣುಕಿದ. “ಗೇಟಿದಾವಲ್ಲ ಮೇಡಂ, ಇಷ್ಟೊಂದು. ಗೇಟ್ ಅಂದ್ರೆ ಬಸ್ ನಿಂತು ಕಾಯುತ್ತೆ ಅಂತ ಎರಡೂ ರಸ್ತೆಗೆ ನಾನೇ ರೂಲ್ಸ್ ಹಾಕಿದೀನಿ. ರೈಲು ಹೋಗೋಗಂಟ ಬಿಡ್ತಾರಾ? ಗುಬ್ಬಿ ಕಾಲೇಜಿಗೆ ಹೋಗುವಾಗ ನಾನು...”

“ರೈಲೆಲ್ಲಿದೆಯೋ ಆ ರಸ್ತೇಲಿ?”

“ನಂಗೇನ್ ಗೊತ್ತು? ನೀವು ಗೇಟ್ ಅಂತ ಹಾಕಿದೀರ. ಮತ್ತೇನ್ ಮುಚ್ತಾರೆ ಅದರಲ್ಲಿ?”

“ಮುಚ್ಚಲ್ಲಾ! ಗೇಟಲ್ಲಿ ಇಳೀತಾರೆ ಕಣೋ! ನಿಮ್ಮೂರಲ್ಲಿ ಗೇಟ್ ಇಲ್ವಾ?”

“ಅಯ್ಯೋ, ಇದೆ. ನಮ್ಮೂರಿಗೂ ಇಳಿಯೋ ಗೇಟು ಇದೆ. ಆದ್ರೆ ನಂಗೆ ಗೇಟ್ ಅಂದ್ರೆ ಹೊಟ್ಟೆ ಉರಿಯೋದು ಅದೇ ಮುಚ್ಚೋ ಗೇಟು.” ಅವನು ನಾಲಿಗೆ ಕಚ್ಚಿಕೊಂಡ. “ನಿಮ್ದು ಇಳಿಯೋ ಗೇಟು, ನಂದು ಮುಚ್ಚೋ ಗೇಟು. ಹೋಯ್ತಲ್ಲ ಮೇಡಂ ಕಥೆ!”

ಹೀಗೆ ಅಕ್ಕಪಕ್ಕದ ಮೇಜಿನಲ್ಲಿ ಕೂತು, ಒಂದೇ ಡಬ್ಬಿಯ ಉಪ್ಪಿನಕಾಯಿ ಹಂಚಿಕೊಂಡು ತಿನ್ನುವ ಇಬ್ಬರು, ಒಂದೇ ಮಾತನ್ನು ಎರಡು ಅರ್ಥದಲ್ಲಿ ಬರೆದು, ರೈಲಿನ ಗಂಧಗಾಳಿಯೂ ಇಲ್ಲದ ರಸ್ತೆಗೆ ಸಾಲು ಸಾಲು ರೈಲ್ವೆ ಗೇಟು ಜಡಿದುಬಿಟ್ಟಿದ್ದರು. ಕಂಪ್ಯೂಟರು ಒಳ್ಳೆಯ ಮನೆತನದ ಆಳಿನಂತೆ, ಹೇಳಿದ್ದನ್ನು ನಂಬಿ ಸುತ್ತಿಕೊಂಡು ಹೋಗಿತ್ತು. ವನಜಾಕ್ಷಿ ಗೇಟುಗಳನ್ನೆಲ್ಲ ನಿಲ್ದಾಣ ಮಾಡಿ ಮತ್ತೆ ಕೇಳಿದಳು. ಬಾಗು ನೆಟ್ಟಗಾಯಿತು. ಮ್ಯಾಪಿನ ಮೇಲೆ ಬಸ್ಸು ಹೊಂಗೇನಹಳ್ಳಿಗೆ ವಾಪಸ್ ಬಂತು, ಕೆಂಚನಪಾಳ್ಯ ಮತ್ತೆ ಹೊಲಗಳ ನಡುವೆ ಒಂಟಿಯಾಗಿ ಉಳಿಯಿತು.

ಸದಾಶಿವಯ್ಯನವರು ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದರು. “ಆ ಬಾಗು ಎಷ್ಟು ಚೆನ್ನಾಗಿತ್ತಮ್ಮ,” ಎಂದರು ಮೊದಲು. ಆಮೇಲೆ, “ಸಭೇಲಿ ಹೇಳಲೇಬೇಕಾ? ನೀನೇ ಯೋಚನೆ ಮಾಡು,” ಎಂದು ಬೇಕರಿಯಿಂದ ಟೀ ತರಿಸಿದರು. ಕಾಂತೇಶನಂತೂ ಕೈಮುಗಿದ. “ಹೇಳ್ಬೇಡ ಕಣೇ. ಅಮ್ಮ ನಿಂಗೆ ಕೆನೆ ಹಾಕ್ತಾವ್ಳೆ. ನಾನು ಹುಟ್ಟಿದ್ಮೇಲೆ ಅವಳ ಬಾಯಲ್ಲಿ ಒಬ್ಬರನ್ನ ಹೊಗಳಿದ್ದು ಕೇಳಿರ್ಲಿಲ್ಲ.”

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಅತ್ತೆಯ ಬಸ್ಸು ಹೋಗುತ್ತದೆ, ಹೇಳದಿದ್ದರೆ ಅಪ್ಪನದು. ಆದರೆ ಟೀ ಅಂಗಡಿಯವರು ಅಂದ ಮಾತು ಅವಳನ್ನು ಬಿಡಲಿಲ್ಲ. ತಪ್ಪು ಮಾಡಿದ್ದು ಒಂದು, ಗೊತ್ತಾದ ಮೇಲೂ ಸುಮ್ಮನಿದ್ದರೆ ಬಸ್ಸನ್ನು ನಿಜಕ್ಕೂ ಕದ್ದಂತೆಯೇ. ಸಭೆಯ ದಿನದ ತನಕ ಅವಳು ಆ ಕೆನೆಯನ್ನು ಮಾತ್ರೆ ನುಂಗಿದ ಹಾಗೆ ನುಂಗಿದಳು.

ಗೂಳೂರಿನ ಸಮುದಾಯ ಭವನದಲ್ಲಿ ಎರಡೂ ಊರು ಎದುರುಬದುರು ಕೂತಿದ್ದವು. ಆ ಕಡೆ ಮೊದಲ ಸಾಲಿನಲ್ಲಿ ದೊಡ್ಡರಂಗಯ್ಯ, ಈ ಕಡೆ ಮೊದಲ ಸಾಲಿನಲ್ಲಿ ಸಿದ್ದಗಂಗಮ್ಮ. ಇಬ್ಬರೂ ಬೀಗರಾದ್ದರಿಂದ ಜಗಳಕ್ಕೂ ಒಂದು ಮರ್ಯಾದೆ ಬೇಕಿತ್ತು.

“ಬೀಗಿತ್ತಿಯೋರು ಮೊದ್ಲು ಮಾತಾಡ್ಲಿ,” ಎಂದ ದೊಡ್ಡರಂಗಯ್ಯ.

“ಇಲ್ಲ ಬೀಗ್ರೇ, ಹೆಣ್ಣು ಕೊಟ್ಟೋರು ನೀವು, ನೀವೇ ಬಯ್ಯಿ.”

“ಛೇ ಛೇ, ನಾನ್ಯಾಕೆ ಬಯ್ಲಿ? ಬಸ್ ಕೊಟ್ಬುಡಿ ಅಂತೀನಿ ಅಷ್ಟೇಯ.”

ಬಸ್ಸಿನವರ ಕಡೆಯಿಂದ ಬಂದಿದ್ದ ಅಧಿಕಾರಿ ಮೇಡಂ ಗಡಿಯಾರ ನೋಡಿಕೊಂಡರು. ಆಗ ವನಜಾಕ್ಷಿ ಎದ್ದು, ಗೋಡೆಯ ಮೇಲೆ ಮ್ಯಾಪು ಬಿಟ್ಟು, ಒಂದೇ ಉಸಿರಿಗೆ ಹೇಳಿದಳು. “ತಪ್ಪು ನಂದು. ಗೇಟ್ ಅಂತ ಬರ್ದೆ. ಕಂಪ್ಯೂಟರ್ ಅದನ್ನ ರೈಲ್ವೆ ಗೇಟು ಅಂದ್ಕೊಂಡು, ಮುಚ್ಚಿದೆ ಅಂತ ಬಸ್ಸನ್ನ ಸುತ್ತು ಹಾಕಿಸ್ತು. ಸರಿ ಮಾಡಿದ್ರೆ ಬಸ್ಸು ಮೊದಲಿನ ದಾರೀಲೇ ಹೋಗ್ಬೇಕು.”

ಭವನದ ಶೀಟು ಹಾರುವಂಥ ನಗು. ಹೊಂಗೇನಹಳ್ಳಿಯವರು ನಕ್ಕರು, ಪಾಳ್ಯದವರೂ ತಡೆಯಲಾರದೆ ನಕ್ಕರು. ಯಾರೋ ಹಿಂದಿನಿಂದ “ಟ್ರೇನ್ ಬಂತು, ಟ್ರೇನ್ ಬಂತು” ಎಂದು ಕೂಗಿದರು. ನಗದೇ ಇದ್ದವಳು ಸಿದ್ದಗಂಗಮ್ಮ ಒಬ್ಬಳೇ. ಅವಳು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದಳು. ವನಜಾಕ್ಷಿ ಕಣ್ಣು ನೆಲಕ್ಕೆ ಹಾಕಿದಳು.

“ನೋಡಿ ಮೇಡಮ್ನೋರೇ, ಕಂಪ್ಯೂಟ್ರು ಸುಳ್ಳೇನೂ ಹೇಳಿಲ್ಲ. ನಮ್ ಗೇಟು ಮುಚ್ಚೇ ಐತೆ. ಬೈಕ್ ಇರೋ ಗಂಡಸ್ರಿಗೆ ತೆಗ್ದೈತೆ. ಬಸ್ರಿ ಹೆಂಗಸ್ರಿಗೆ ಮುಚ್ಚೈತೆ. ಮಂಡಿ ಹೋದೋರಿಗೆ ಮುಚ್ಚೈತೆ. ಆಸ್ಪತ್ರೆಗೆ ಹೋಗ್ಬೇಕು ಅಂತ ಎದ್ದೋರು ಮೂರು ಕಿಲೋಮೀಟ್ರು ನೆನೆಸ್ಕೊಂಡು ಮತ್ತೆ ಮಲಿಕ್ಕೊಂತಾರೆ. ನನ್ನ ಮಾತಲ್ಲ ಬುಡಿ, ನಾನು ಈಗ್ಲೂ ಓಡ್ತೀನಿ. ಊರಲ್ಲಿ ವಯಸ್ಸಾದೋರವ್ರೆ, ಅವರ್ದು ಹೇಳ್ತಿರೋದು.”

ನಗು ನಿಂತಿತು. ದೊಡ್ಡರಂಗಯ್ಯ ಹೆಗಲ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡು, “ಅದೂ ನಿಜವೇಯ,” ಎಂದ. ಮೇಡಂ ವನಜಾಕ್ಷಿಯ ಕಡೆ ತಿರುಗಿ, ಮನೆಯಿಂದ ಗೇಟಿಗೆ ನಡೆಯುವ ಹೊತ್ತನ್ನು ಲೆಕ್ಕಕ್ಕೆ ತಗೊಂಡಿದ್ದೀರಾ ಎಂದು ಕೇಳಿದರು. ತಗೊಂಡಿದ್ದಳು, ಆದರೆ ಕಂಪ್ಯೂಟರಿಗೆ ಎಲ್ಲರೂ ಗಟ್ಟಿಮುಟ್ಟು, ಎಲ್ಲರ ನಡಿಗೆಯೂ ಒಂದೇ. “ಹಾಗಾದ್ರೆ ನಿಜವಾಗಿ ನಡೆಯೋದನ್ನ ಅಳೆದು ತನ್ನಿ. ಆಮೇಲೆ ನೋಡೋಣ,” ಎಂದು ಮೇಡಂ ಎದ್ದರು. ಮುಖ್ಯರಸ್ತೆಯ ಬಸ್ಸು ಮಾರನೆಯ ದಿನದಿಂದಲೇ ಮುಖ್ಯರಸ್ತೆಗೆ ಮರಳಿತು.

ಮನೆಯಲ್ಲಿ ಕೆನೆ ಕಾಂತೇಶನ ತಟ್ಟೆಗೆ ಮರಳಿತು. ಸಿದ್ದಗಂಗಮ್ಮ ಬಯ್ಯಲೂ ಇಲ್ಲ, ಹೊಗಳಲೂ ಇಲ್ಲ. ವನಜಾಕ್ಷಿಗೆ ಅದೇ ಹೆಚ್ಚು ನೋವಾಯಿತು. ಆದರೂ ಧೈರ್ಯ ಮಾಡಿ ಕೇಳಿದಳು: “ಅತ್ತೆ, ನಾಳೆ ಗೇಟಿಗೆ ಹೋಗುವಾಗ ನನ್ನ ಫೋನು ಇಟ್ಕೊಂಡು ಹೋಗ್ತೀರಾ? ನೀವು ನಡೆದ ದಾರೀನ ಅದು ಗೆರೆ ಹಾಕುತ್ತೆ.”

“ನಾನು ನಡುದ್ರೂ ರಂಗೋಲಿನಾ?” ಎಂದಳು ಸಿದ್ದಗಂಗಮ್ಮ. ಆದರೂ ಎಲೆಅಡಿಕೆ ಚೀಲದಲ್ಲಿ ಫೋನಿಟ್ಟುಕೊಂಡು ಹೋಗಿಬಂದಳು.

ಕಚೇರಿಯಲ್ಲಿ ಆ ಗೆರೆ ಪರದೆಯ ಮೇಲೆ ಬಿತ್ತು. ಸಿದ್ದಗಂಗಮ್ಮ ನಿಂತಲ್ಲೆಲ್ಲ ಒಂದೊಂದು ಚುಕ್ಕಿ. ಊರೊಳಗೆ ಮನೆಗೊಂದು ಚುಕ್ಕಿ, ಜಗಲಿಗೊಂದು ಚುಕ್ಕಿ. ಚನ್ನೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. “ನಿಮ್ಮತ್ತೆ ಎಲೆಕ್ಷನ್‌ಗೆ ನಿಂತವ್ರಾ ಮೇಡಂ? ಈ ಮಾತಾಡಿದ ಟೈಮೆಲ್ಲಾ ಕಳೆದ್ಬುಡೋಣ, ನಡೆದಿದ್ದಷ್ಟೇ ಇಟ್ಕೊಳಣ.”

ವನಜಾಕ್ಷಿಯೂ ನಗುತ್ತಲೇ ಗೆರೆಯನ್ನು ಮುಂದಕ್ಕೆ ಸರಿಸಿದಳು. ಊರಿನ ಕೊನೆಯ ಮನೆ ಮುಗಿಯಿತು. ಅಲ್ಲಿಂದಾಚೆ ಬರೀ ರಾಗಿ ಹೊಲ. ಚುಕ್ಕಿಗಳು ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಮೋರಿಯ ಕಟ್ಟೆಯ ಮೇಲೆ ಒಂದು. ಹೊಂಗೆ ಮರದ ಕೆಳಗೆ ಒಂದು, ಬಹಳ ಹೊತ್ತಿನದು. ಹೊಲದ ಬದುವಿನ ಕಲ್ಲಿನ ಹತ್ತಿರ ಒಂದು. ಮುಂದೆ ಹೋದಷ್ಟೂ ಒತ್ತೊತ್ತಾಗಿ, ಮರವೂ ಕಲ್ಲೂ ಇಲ್ಲದ ನಟ್ಟನಡು ದಾರಿಯಲ್ಲಿ ಇನ್ನೊಂದು. ಅಲ್ಲಿ ಮಾತಾಡಿಸಲು ನರಪಿಳ್ಳೆಯೂ ಇರುವುದಿಲ್ಲವೆಂದು ದಿನಾ ಆ ದಾರಿಯಲ್ಲಿ ಓಡಾಡುವ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ನಗು ನಿಲ್ಲಿಸಿ, ಅತ್ತೆ ಬೈಕು ಬೇಡವೆನ್ನುತ್ತಿದ್ದದ್ದನ್ನು ನೆನೆದಳು. ಬೈಕು ಹತ್ತಲು ಕಾಲು ಎತ್ತಬೇಕಲ್ಲ ಎಂಬುದು ಆಗ ಹೊಳೆಯಿತು. ಆರು ವರ್ಷ ಇಡೀ ಊರು ಬಾಯಿಬಡುಕಿ ಎಂದದ್ದು, ತಾನೂ ಮನಸ್ಸಿನಲ್ಲಿ ಅಂದುಕೊಂಡದ್ದು, ಎಲ್ಲ ನೆನಪಾಗಿ ಕಣ್ಣು ತುಂಬಿತು.

“ಕಳೀಬೇಡ ಚನ್ನೇಶ್,” ಎಂದಳು. “ಎಲ್ಲಾ ಹಂಗೇ ಇರಲಿ.”

ಸಂಜೆ ಅಡುಗೆಮನೆಯಲ್ಲಿ ಸಿದ್ದಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ವನಜಾಕ್ಷಿ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

“ಅತ್ತೆ, ಮೋರಿ ಹತ್ರ ಯಾರ್ ಸಿಕ್ಕಿದ್ರು?”

“ಯಾರೋ ಸಿಕ್ಕಿದ್ರು.”

“ಹೊಂಗೆ ಮರದ ಹತ್ರ?”

ಸಿದ್ದಗಂಗಮ್ಮನ ಕೈ ನಿಂತಿತು. ಸೊಸೆಯ ಮುಖ ನೋಡಿದಳು. ಆಮೇಲೆ ಕಾಯಿಯೊಂದನ್ನು ಪಟ್ಟನೆ ಬಿಡಿಸಿದಳು. “ನಿನ್ ಕಂಪ್ಯೂಟ್ರು ಚಾಡಿಕೋರ ಕಣೇ,” ಎಂದಳು. ದನಿ ತಗ್ಗಿಸಿ, “ಕಾಂತೇಶಂಗೆ ಹೇಳ್ಬೇಡ. ಆಸ್ಪತ್ರೆ ಆಸ್ಪತ್ರೆ ಅಂತ ಪ್ರಾಣ ತಿಂತಾನೆ. ಊರೋರ್ಗಂತೂ ಬ್ಯಾಡ್ವೇ ಬ್ಯಾಡ. ಬಾಯಿಬಡುಕಿ ಅನ್ಲಿ, ಕುಂಟಿ ಅನ್ನೋದ್ ಬ್ಯಾಡ.”

ವನಜಾಕ್ಷಿ ಊರಿನಲ್ಲಿ ಇನ್ನಷ್ಟು ಜನರ ಕೈಗೆ ಫೋನು ಕೊಟ್ಟು ನಡೆಸಿದಳು. ಮುದುಕರದು, ಬಸುರಿಯರದು, ಮಗು ಎತ್ತಿಕೊಂಡವರದು. ಯಾವ ಗೆರೆಯ ಮೇಲೂ ಹೆಸರು ಬರೆಯಲಿಲ್ಲ. ಈ ಸಲ ಕಂಪ್ಯೂಟರ್ ಒಂದು ನಡುದಾರಿ ಹುಡುಕಿತು. ಬಸ್ಸುಗಳೆಲ್ಲ ಮುಖ್ಯರಸ್ತೆಯಲ್ಲೇ, ಬೆಳಗ್ಗೆ ಒಂದು, ಸಂಜೆ ಒಂದು ಮಾತ್ರ ಹೊಂಗೇನಹಳ್ಳಿ ಗೇಟಿನಲ್ಲಿ ಜನ ಹತ್ತಿಸಿಕೊಂಡು ಆಮೇಲೆ ಪಾಳ್ಯದೊಳಗೆ ಹೋಗಿ ಬರುವುದು. ಮೇಡಂ ಒಪ್ಪಿದರು. ಸದಾಶಿವಯ್ಯನವರಿಗೆ ಚಿಕ್ಕದಾದರೂ ಒಂದು ಬಾಗು ವಾಪಸ್ ಸಿಕ್ಕಿತು. ದೊಡ್ಡರಂಗಯ್ಯ ಫೋನು ಮಾಡಿ, “ಬಸ್ ಕಳಿಸ್ತಿದೀವಿ, ಸಂಜೆ ಒಳಗೆ ವಾಪಸ್ ಕಳ್ಸಿ ಅಂತ ಬೀಗಿತ್ತಿಯೋರ್ಗೆ ಹೇಳವ್ವ,” ಎಂದ.

ಈಗ ಸಿದ್ದಗಂಗಮ್ಮ ಮನೆಯ ಮುಂದೆಯೇ ಬಸ್ಸು ಹತ್ತುತ್ತಾಳೆ. ದಾರಿಯಲ್ಲಿ ಯಾರ ಜಗಲಿಯ ಮುಂದೂ ನಿಲ್ಲುವುದಿಲ್ಲ, ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಊರ ಹೆಂಗಸರಿಗೆ ಇದು ನುಂಗಲಾರದ ತುತ್ತಾಗಿದೆ. ಮೊನ್ನೆ ಬೆಳಗ್ಗೆ ಪಕ್ಕದ ಮನೆಯ ಬಸವಲಿಂಗಮ್ಮ, ಬಸ್ಸು ಹತ್ತಲು ಹೊರಟ ವನಜಾಕ್ಷಿಯನ್ನು ತಡೆದು ನಿಲ್ಲಿಸಿ ಕೇಳಿಯೇಬಿಟ್ಟಳು.

“ಅಲ್ಲಾ ವನಜಾ, ಮನೆ ಮನೆ ಮುಂದೆ ನಿಂತು ಮಾತಾಡಿಸ್ತಿದ್ದ ಹೆಂಗ್ಸು, ಈಗ ಮುಖ ತಿರುಗ್ಸಿ ಸಯ್ತ ನೋಡಲ್ಲ. ಬಸ್ ಬಂದ್ಮೇಲೆ ನಿಮ್ಮತ್ತೆಗೆ ಏನ್ ಬಂತೇ?”

ಬಸ್ಸಿನ ಕಿಟಕಿಯಿಂದ ಸಿದ್ದಗಂಗಮ್ಮ ಸೊಸೆಯನ್ನೇ ನೋಡುತ್ತಿದ್ದಳು.

“ಜಂಬ ಕಣಕ್ಕಾ,” ಎಂದಳು ವನಜಾಕ್ಷಿ, ಕಿಟಕಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ವಿಪರೀತ ಜಂಬ.”

ಸಿದ್ದಗಂಗಮ್ಮ ಸೆರಗು ಸರಿಮಾಡಿಕೊಂಡು, ಪಕ್ಕದ ಸೀಟಿನ ಮೇಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ, ಸೊಸೆಗೆ ಜಾಗ ಮಾಡಿದಳು.